ನೂರಕ್ಕೆ ನೂರು ಪಾಸು

"ಪಾಸ್ ಮಾಡಿದ್ರೂ ಅಳ್ತೀಯಲ್ಲೇ! ಮಗನ್ನ ಫೇಲ್ ಮಾಡಿ ಅಂತ ಕೇಳೋಕೆ ಬಂದಿದ್ಯಾ, ದರಿದ್ರ ಮುಂಡೇದೇ?"

ಪ್ರಿನ್ಸಿಪಾಲರು ಬೈದದ್ದು ನಮ್ಮವ್ವನಿಗೆ. ಬೀದಿ ಗುಡಿಸಿ ನೇರ ಬಂದಿದ್ದಳು. ಪೊರಕೆಯನ್ನು ಹೊರಗೇ ಇಡಿಸಿದ್ದರು. ಮೇಜಿನ ಮೇಲೆ ನನ್ನ ಅಂಕಪಟ್ಟಿ. ವಿದ್ಯುತ್ ಕಂಬದ ಕೆಲಸ, ಪ್ರಾಯೋಗಿಕ: ತೊಂಬತ್ತೆರಡು. ನಾನು ಒಂದು ಸಲವೂ ಕಂಬ ಹತ್ತಿದವನಲ್ಲ. ನಾಳೆ ಬೆಳಿಗ್ಗೆ ಕೆಲಸಕ್ಕೆ ಸೇರಿ ನಿಜವಾದ ಕಂಬವನ್ನೇ ಹತ್ತಬೇಕು.

"ದೊಡ್ಡೋನ್ನೂ ನೀವೇ ಪಾಸ್ ಮಾಡಿ ಕಳ್ಸಿದ್ರಿ ಸಾಮಿ. ಎರಡೂ ಕೈ ಸುಟ್ಕೊಂಡು ಬಂದ. ಈಗ ನಾನೇ ಉಣ್ಸಬೇಕು, ನಾನೇ ತೊಳೀಬೇಕು. ಇವನನ್ನ ಇನ್ನೊಂದು ವರ್ಷ ಇಟ್ಕೊಂಡು ಕಲ್ಸಿ. ಕಾಲಿಗೆ ಬೀಳ್ತೀನಿ."

ಅವ್ವ ಬಗ್ಗಿದಳು. ಪ್ರಿನ್ಸಿಪಾಲರು ಬೂಟು ಹಿಂದಕ್ಕೆಳೆದುಕೊಂಡರು.

"ಮುಟ್ಬೇಡ! ನೂರಕ್ಕೆ ನೂರು ಪಾಸಾದ್ರೇನೇ ಸರ್ಕಾರದ ಅನುದಾನ. ಒಬ್ಬ ಕಡಿಮೆ ಆದ್ರೂ ಅರ್ಧಕ್ಕರ್ಧ ಕಟ್. ನಿನ್ನ ಮಗನಿಗೋಸ್ಕರ ಕಾಲೇಜಿಗೆ ಬೀಗ ಹಾಕ್ಲಾ?" ಗೋಡೆಗೆ ಅಂಟಿ ನಿಂತಿದ್ದ ಗುತ್ತಿಗೆ ಮೇಷ್ಟ್ರತ್ತ ಕೈ ಮಾಡಿದರು. "ಈ ಬೇವರ್ಸಿ ಮೊದ್ಲು ಇಡೀ ಕ್ಲಾಸಿಗೇ ಸೊನ್ನೆ ಹಾಕಿದ್ದ. ಕೆಲ್ಸ ಬೇಕಾ ಬೇಡ್ವಾ ಅಂದೆ ನೋಡು, ಬುದ್ಧಿ ಬಂತು."



ಮೇಷ್ಟ್ರ ಪಕ್ಕದಲ್ಲೇ ಗಾಜಿನ ಕಪಾಟು. ತಂತಿಯಲ್ಲಿ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಕೋಲು ಅದರೊಳಗಿತ್ತು. ತುದಿಯಲ್ಲೊಂದು ಕೊಕ್ಕೆ, ಬುಡದಲ್ಲಿ ಇಳಿಬಿದ್ದ ತಾಮ್ರದ ತಂತಿ. ಒಂದನ್ನು ಲೈನಿಗೆ ಸಿಕ್ಕಿಸಬೇಕು, ಇನ್ನೊಂದನ್ನು ನೆಲಕ್ಕೆ ಸೇರಿಸಬೇಕು. ಯಾವುದು ಮೊದಲು ಎಂಬುದು ಹಿಂದುಮುಂದಾದರೆ ಹಿಡಿದವನೇ ಹೋಗುತ್ತಾನಂತೆ. ತನಿಖೆಯವರು ಬಂದಾಗ ತೋರಿಸಲು ತಂದು ಬೀಗ ಹಾಕಿಟ್ಟಿದ್ದರು. ಅಣ್ಣನೂ ಅದನ್ನು ಗಾಜಿನಾಚೆಯಿಂದಲೇ ನೋಡಿದ್ದ.

"ಕೈಗೆ ಬಂದ ತುತ್ತನ್ನ ಒದೀತಿದೀರಲ್ಲೋ. ಮುಚ್ಕೊಂಡು ನಡೀರಿ ಆಚೆಗೆ!" ಪ್ರಿನ್ಸಿಪಾಲರು ಗದರಿದರು.

ಅವ್ವ ಇನ್ನೂ ನೆಲದ ಮೇಲೇ ಇದ್ದಳು. ನನಗೆ ಮೈಯೆಲ್ಲ ಉರಿಯಿತು. ಮೇಜಿನ ಮೇಲಿದ್ದ ಪೇಪರ್‌ವೇಟ್ ಎತ್ತಿ ಕಪಾಟಿಗೆ ಬೀಸಿದೆ. ಗಾಜು ಪುಡಿಯಾಗಿ ಉದುರಿತು.

"ಲೋ ಸೂಳೆಮಗನೇ!" ಪ್ರಿನ್ಸಿಪಾಲರು ಪೊಲೀಸರಿಗೆ ಫೋನ್ ಮಾಡಲು ಪಕ್ಕದ ಕೋಣೆಗೆ ಓಡಿದರು.

ನಾನು ಕೋಲನ್ನು ಎಳೆದು ಮೇಷ್ಟ್ರ ಕೈಗೆ ತುರುಕಿದೆ. ಗಾಜು ತಾಗಿ ನನ್ನ ಬೆರಳಿನಿಂದ ರಕ್ತ ಸೋರುತ್ತಿತ್ತು.

"ಕಲ್ಸಿ ಮೇಷ್ಟ್ರೇ. ಪೊಲೀಸ್ರು ಬರೋದ್ರೊಳಗೆ ಕಲ್ಸಿ. ಯಾವುದು ಮೊದ್ಲು ಹಾಕ್ಬೇಕು? ಕೊಕ್ಕೆನಾ, ತಂತಿನಾ?"

ಮೇಷ್ಟ್ರು ಕೋಲನ್ನು ಹಿಂದೆ ಮುಂದೆ ತಿರುಗಿಸಿದರು. ಅವ್ವ ಕಣ್ಣೆತ್ತಿ ಅವರನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಕಣೋ," ಎಂದರು. "ನಾನೂ ಇಲ್ಲೇ ಪಾಸಾದೋನು."