ಕ್ಲಿಫರ್ಡ್‌ನ ಬೆಂಚು

ಸಾಲ್ಟ್‌ಬರ್ನ್‌ನ ಕಡಲ ದಂಡೆಯಲ್ಲಿ ನನ್ನ ಅಣ್ಣ ಕ್ಲಿಫರ್ಡ್‌ನ ಹೆಸರಿನದೊಂದು ಬೆಂಚಿದೆ. ವಿಕ್ಟೋರಿಯಾ ರಾಣಿಯ ಕಾಲದ ಸೇತುವೆ ಕಡಲೊಳಕ್ಕೆ ಚಾಚಿರುವುದು ಅಲ್ಲಿಂದ ನೇರ ಕಾಣುತ್ತದೆ. ಅವನು ಸತ್ತ ಮೇಲೆ ಅತ್ತಿಗೆ ಹಿಲ್ಡಾ ಹಾಕಿಸಿದ್ದು. ಒರಗುವ ಹಲಗೆಯ ಮೇಲೆ ಹಿತ್ತಾಳೆಯ ಪಟ್ಟಿ, ಅದರಲ್ಲಿ ಅವನ ಹೆಸರು. ಪ್ರತಿ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಲೀಡ್ಸ್‌ನಿಂದ ಪ್ರವಾಸದ ಬಸ್ಸಿನಲ್ಲಿ ಹೋಗಿ, ಅಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದು ಬರುತ್ತೇವೆ.

ಈ ಸಲದ್ದು ಬೇರೆ. ಹಿಲ್ಡಾಳ ಕಣ್ಣು ಹೋಗುತ್ತಿದೆ. ಕ್ರಿಸ್‌ಮಸ್ ಹೊತ್ತಿಗೆ ಅಕ್ಷರ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

"ಕಣ್ಣಿರೋವಾಗ್ಲೇ ಅವನ ಹೆಸರು ಒಂದ್ಸಲ ಓದ್ಬೇಕು ಕಣೆ," ಎಂದು ದಾರಿಯುದ್ದಕ್ಕೂ ಹೇಳಿದಳು.

ಹೋಗಿ ನೋಡಿದರೆ ಬೆಂಚಿನ ಮೇಲೆ ಯಾರೋ ಗಂಡ ಹೆಂಡತಿ ಕೂತು ಮೀನು, ಚಿಪ್ಸ್ ತಿನ್ನುತ್ತಿದ್ದಾರೆ. ಗಂಡನ ಬೆನ್ನು ಸರಿಯಾಗಿ ಆ ಪಟ್ಟಿಗೇ ಒರಗಿತ್ತು.

"ಏಳಿ ಅಂತೀನಿ, ತಾಳು," ಎಂದೆ.

"ಡೊರೀನ್, ಬಾಯ್ಮುಚ್ಚು. ಪಾಪ, ಊಟ ಮಾಡ್ತಿದಾರೆ."

ಕಂಬಿ ಹಿಡಿದು ಕಡಲು ನೋಡುತ್ತಾ ನಿಂತೆವು. ಅವರು ಒಂದೊಂದೇ ಚೂರು ಎತ್ತಿ ಸಾವಕಾಶವಾಗಿ ತಿಂದರು. ನನಗೆ ಮೈಯೆಲ್ಲ ಉರಿಯಿತು. ಬಸ್ಸಿಗೆ ಹೊತ್ತಾಗುತ್ತಿತ್ತು. ಕೊನೆಗೆ ಆ ಹೆಂಗಸೇ ನಮ್ಮನ್ನು ನೋಡಿ ಅರ್ಧ ಎದ್ದಳು.

"ಬನ್ನಿ, ಕೂತ್ಕೊಳ್ಳಿ. ಆಗಿಂದ ನಿಂತೇ ಇದೀರಿ."

"ಅಯ್ಯೋ ಬೇಡ ಬೇಡ, ನಾವು ಹೊರಟ್ವಿ," ಎಂದಳು ಹಿಲ್ಡಾ, ನಗುತ್ತಾ. ನಾನು ಬಾಯಿ ತೆರೆಯುವಷ್ಟರಲ್ಲಿ ತೋಳು ಜಿಗುಟಿದಳು. ಆ ಹೆಂಗಸು ಮತ್ತೆ ಕೂತಳು.

ದಿಬ್ಬ ಹತ್ತಿ ಬಸ್ಸಿನ ಹತ್ತಿರ ಬಂದಾಗಲೂ ಹಿಲ್ಡಾಳ ಮುಖದಲ್ಲಿ ಆ ನಗು ಹಾಗೇ ಇತ್ತು, ಕಣ್ಣಲ್ಲಿ ನೀರು.

"ನಿಂಗೆ ತಲೆ ನೆಟ್ಟಗಿದೆಯಾ ಅತ್ತಿಗೆ? ಅವರಾಗೇ ಕರೆದ್ರಲ್ಲ!"

"ಬಾಯಿಗೆ ಬಂದ್ಬಿಡ್ತು. ಕ್ಲಿಫರ್ಡ್ ಹೋದ ದಿನ ಆಸ್ಪತ್ರೇಲೂ ಹಂಗೇ ಅಂದಿದ್ದೆ. ಇನ್ನೊಂಚೂರು ಹೊತ್ತು ಅವರ ಹತ್ರ ಕೂತಿರಿ ಅಂದ್ಲು ನರ್ಸು. ಬೇಡಮ್ಮ, ನಿಮಗ್ಯಾಕೆ ತೊಂದ್ರೆ ಅಂತ ಎದ್ದು ಬಂದೆ. ಮನೆ ಬೀಗ ತೆಗೀತಿದ್ದೆ, ಒಳಗೆ ಫೋನು ಬಡ್ಕೊಳ್ತಿತ್ತು."

ಇಷ್ಟು ವರ್ಷ ನನಗಿದು ಗೊತ್ತೇ ಇರಲಿಲ್ಲ. ಬಸ್ಸು ಹತ್ತಿ, ಕಡಲ ಕಡೆಯ ಕಿಟಕಿ ತೋರಿಸಿ, "ನೀನು ಕೂತ್ಕೋ" ಎಂದೆ.

"ಬೇಡ ಬೇಡ, ನೀನೇ ಕೂತ್ಕೋ."

ನಾನು ಕೇಳಲಿಲ್ಲ. ಭುಜ ಹಿಡಿದು ತಳ್ಳಿ ಕೂರಿಸಿದೆ. ಅಷ್ಟರಲ್ಲಿ ಬಸ್ಸು ಹೊರಟು ತಿರುವು ದಾಟಿತ್ತು. ಕಿಟಕಿಯ ತುಂಬ ಬರೀ ಮನೆಗಳ ಗೋಡೆ. ಹಿಲ್ಡಾ ಅದನ್ನೇ ನೋಡುತ್ತಾ ಕೂತಳು.