ಬೈರಿಗೆಯ ಕಡೆ

ಅಪ್ಪನ ಕೈಯಲ್ಲಿದ್ದ ತಿರುಪು ಬಿಗಿಯುವ ಯಂತ್ರ ಗುರ್ರೆಂದು ಶವಪೆಟ್ಟಿಗೆಯ ಮುಚ್ಚಳವನ್ನು ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಮಗಳು ಯಂತ್ರದ ಬುಡದಿಂದ ಬ್ಯಾಟರಿಯನ್ನು ಕಿತ್ತುಕೊಂಡಳು.

“ಕೊಡೇ ಇಲ್ಲಿ,” ಎಂದ ಅಪ್ಪ.

“ಕೊಡಲ್ಲ.”

“ಒಳಗೆ ಮಲಗಿರೋಳು ನನ್ನ ಹೆಂಡತಿ.”

“ನನಗೂ ಅಮ್ಮಾನೇ. ನನಗೆ ಬುದ್ಧಿ ಬಂದಾಗಿಂದ ಈ ಮನೇಲಿ ಒಂದು ಮೊಳೆಗೂ ಮಷೀನು ಮುಟ್ಟಿಸಿದೋಳಲ್ಲ. ಈಗ ಅವಳ ತಲೆ ಮೇಲೇ ಓಡಿಸ್ತೀಯಾ?”

ಸಾವಿನ ಮನೆಯಲ್ಲಿ ಹೀಗೆ ದನಿ ಏರಿದ್ದನ್ನು ಕಂಡು, ಬಂದವರು ಗೋಡೆಯತ್ತ ಸರಿದರು. ಪೆಟ್ಟಿಗೆಯನ್ನು ತಂದ ವ್ಯಾನಿನವನು ತಿರುಪುಮೊಳೆಗಳ ಪೊಟ್ಟಣವನ್ನು ಹಿಡಿದು, ಯಾರ ಮುಖ ನೋಡಬೇಕೆಂದು ತಿಳಿಯದೆ ನಿಂತ. ಮುಚ್ಚಳ ಬಿಗಿಯುವುದು ಅವನ ಕೆಲಸವೇ. ಆದರೆ ಮುದುಕ ಅವನನ್ನು ತಡೆದು, ಮನೆಯ ಕೆಳಗಿನ ತನ್ನ ಅಂಗಡಿಯಿಂದ ತಾನೇ ಯಂತ್ರವನ್ನು ತಂದಿದ್ದ. ಆ ಅಂಗಡಿಯಲ್ಲಿ ಸಿಗುತ್ತಿದ್ದುದೇ ಅದು: ಕೊರೆಯುವ, ಕೊಯ್ಯುವ, ಉಜ್ಜುವ, ಬಿಗಿಯುವ ಯಂತ್ರಗಳು, ಕೊಳ್ಳಲಾಗದವರಿಗೆ ಬಾಡಿಗೆಗೆ. ಅಂಗಡಿಯ ಮೇಲಿನ ಮನೆಯಲ್ಲಿ ಅವನ ಹೆಂಡತಿ, ಕುರ್ಚಿ ರಿಪೇರಿಯವನಾಗಿದ್ದ ತನ್ನ ತಂದೆಯಿಂದ ಬಂದ ಉಳಿ, ಗರಗಸ ಮತ್ತು ಕೈಯಲ್ಲಿ ತಿರುಗಿಸಿ ತೂತು ಕೊರೆಯುವ ಬೈರಿಗೆಯ ಬಲದಿಂದಲೇ ಇಡೀ ಸಂಸಾರವನ್ನು ದುರಸ್ತಿಯಲ್ಲಿಟ್ಟಿದ್ದಳು. ಬೀದಿಯವರ ಬಾಯಲ್ಲಿ ಅವಳು ಬೈರಿಗೆಯಮ್ಮ. ಅವಳ ಮನೆಯಲ್ಲಿ ಕುಂಟುವ ಮೇಜಿರಲಿಲ್ಲ, ಕಿರುಗುಟ್ಟುವ ಬಾಗಿಲಿರಲಿಲ್ಲ. ಅಲ್ಲಿ ಎಣ್ಣೆ ಕಾಣದೆ ಉಳಿದದ್ದು ಗಂಡಹೆಂಡಿರ ಮಾತೊಂದೇ.

*

ಗಂಡಹೆಂಡಿರ ಆ ಜಗಳದ ಹುಟ್ಟಿನ ಬಗ್ಗೆ ಎರಡು ಪಾಠಗಳು ಬಳಕೆಯಲ್ಲಿವೆ. ಪಕ್ಕದ ಮನೆಯಾಕೆ ಹೇಳುವಂತೆ, ಮದುವೆಯಾದ ಹೊಸದರಲ್ಲಿ ಗಂಡ ಅಡುಗೆಮನೆಯ ಗೋಡೆಗೆ ಹಲಗೆಯೊಂದನ್ನು ಕೂರಿಸಲು ಯಂತ್ರ ತಂದು, ಗೋಡೆಯೊಳಗಿನ ನೀರಿನ ಪೈಪಿಗೇ ತೂತು ಹೊಡೆದ. ಅವಳು ತೂತಿಗೆ ಹೆಬ್ಬೆರಳನ್ನು ಒತ್ತಿ ನಿಂತು, ಅವನು ಕೆಳಗೋಡಿ ನೀರು ನಿಲ್ಲಿಸುವವರೆಗೂ ಬೈಯುತ್ತಲೇ ಇದ್ದಳು. ಸತ್ತವಳ ತಮ್ಮನ ಪಾಠವೇ ಬೇರೆ. ಅವನ ಪ್ರಕಾರ ಪೈಪೂ ಇಲ್ಲ, ನೀರೂ ಇಲ್ಲ. ಭಾವ ವೈರು ಬಿಡಿಸಿ ಪ್ಲಗ್ಗಿಗೆ ಜಾಗ ಹುಡುಕುವಷ್ಟರಲ್ಲಿ ಅಕ್ಕ ಬೈರಿಗೆಯಿಂದ ತೂತು ಕೊರೆದು, ಹಲಗೆ ಕೂರಿಸಿ, ಅದರ ಮೇಲೆ ಡಬ್ಬಿಗಳನ್ನೂ ಜೋಡಿಸಿ ಮುಗಿಸಿದ್ದಳು. ಯಾವ ಪಾಠ ಹಿಡಿದರೂ ಕೊನೆಗೆ ಹಲಗೆ ಕೂರಿಸಿದವಳು ಅವಳೇ, ಕೊನೆಯ ಮಾತೂ ಒಂದೇ.

“ನನ್ನ ತಲೆ ಕೊರೆಯೋದು ಸಾಲದು ಅಂತ ಗೋಡೇನೂ ಕೊರೀತೀಯೇನೇ?” ಎಂದನಂತೆ ಗಂಡ.

“ಗೋಡೆ ವಾಸಿ ಕಣ್ರೀ. ಕೊರೆದರೆ ಒಳಗೆ ಹೋಗುತ್ತೆ.”

*

“ಭಾವ, ಹೋಗ್ಲಿ ಬಿಡಿ,” ಎಂದು ಸತ್ತವಳ ತಮ್ಮ ನಡುವೆ ಬಂದ. “ಇವತ್ತೊಂದು ದಿನ ಅಕ್ಕನ ಇಷ್ಟದಂತೆ ಆಗಲಿ, ಕೈಯಲ್ಲೇ ಬಿಗಿಯೋಣ. ಅವಳ ಮಾತೇ ಸರಿ ಅಂತ ಒಂದ್ಸಲ ಒಪ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಒಪ್ಕೋಬೇಕಾ?” ಮುದುಕ ಯಂತ್ರವನ್ನು ಕೆಳಗಿಡಲಿಲ್ಲ. “ಅವಳು ಎದುರಿಗೆ ನಿಂತು ವಾದ ಮಾಡುವಾಗ ಒಪ್ಪಲಿಲ್ಲ. ಈಗ ಬಾಯಿ ಮುಚ್ಕೊಂಡು ಮಲಗಿದಾಳೆ ಅಂತ ಒಪ್ಕೊಂಡ್ರೆ, ಅದು ಕನಿಕರ ಕಣೋ. ನಿಮ್ಮಕ್ಕನಿಗೆ ಕನಿಕರ ಅಂದ್ರೆ ಮೈಯೆಲ್ಲ ಉರೀತಿತ್ತು. ಅದು ನಿನಗೆ ಗೊತ್ತಿಲ್ಲ, ನನಗೆ ಗೊತ್ತು.”

“ಹಾಗಂತ ಹೆಣದ ಜೊತೆ ಯಾರಾದ್ರೂ ಹಟ ಸಾಧಿಸ್ತಾರಾ?” ಎಂದಳು ಪಕ್ಕದ ಮನೆಯಾಕೆ.

“ಹೆಣ ಗಿಣ ಅನ್ನಬೇಡಮ್ಮ. ಅವಳು ಹಟ ಬಿಟ್ಟಿದ್ದನ್ನ ನೀನು ನೋಡಿದೀಯಾ?”

ಯಾರೂ ನೋಡಿರಲಿಲ್ಲ.

*

ಕೊನೆಯ ವರ್ಷಗಳಲ್ಲಿ ಅವಳ ಬೆರಳ ಗೆಣ್ಣುಗಳು ಊದಿಕೊಂಡವು. ಸ್ಕ್ರೂಡ್ರೈವರಿನ ಹಿಡಿ ಅಂಗೈಯಲ್ಲಿ ನಿಲ್ಲದಾದಾಗ ಅದಕ್ಕೆ ಹಳೆಯ ಬಟ್ಟೆ ಸುತ್ತಿದಳು. ಹಿಡಿ ದಪ್ಪವಾಯಿತು, ಕೆಲಸ ಮುಂದುವರಿಯಿತು. ಒಂದು ಸಂಜೆ ಗಂಡ ಅಂಗಡಿಯಲ್ಲಿದ್ದವುಗಳ ಪೈಕಿ ತೀರ ಹಗುರವಾದ ಯಂತ್ರವೊಂದನ್ನು ತಂದು, ಏನೂ ಹೇಳದೆ, ಅವಳ ಪಕ್ಕದಲ್ಲಿಟ್ಟು ಇಳಿದುಹೋದ. ಮರುದಿನ ನೋಡಿದರೆ, ಬಿರುಕು ಬಿಟ್ಟ ಸ್ಟೂಲೊಂದಕ್ಕೆ ಅಂಟು ಹಚ್ಚಿದ್ದ ಅವಳು, ಅದು ಹಿಡಿದುಕೊಳ್ಳಲೆಂದು ಆ ಯಂತ್ರವನ್ನೇ ಮೇಲೆ ಭಾರವಾಗಿ ಹೇರಿದ್ದಳು.

“ಚೆನ್ನಾಗಿದೆ ಕಣ್ರೀ,” ಎಂದಳು. “ಇನ್ನೊಂಚೂರು ಭಾರ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು.”

ಆ ವಾರವೆಲ್ಲ ಅವನು ಅಂಗಡಿಗೆ ಬಂದವರಿಗೆಲ್ಲ ಈ ಮಾತನ್ನು ಹೇಳಿ ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹಗಲು ಅಪ್ಪನ ಅಂಗಡಿಯಲ್ಲಿ ಕೂತು, ಸಂಜೆ ಅಮ್ಮನ ಕೆಲಸಕ್ಕೆ ದೀಪ ಹಿಡಿಯುತ್ತಿದ್ದ ಮಗಳು ಅವರಿಬ್ಬರ ನಡುವೆ ಸಂಧಾನಕ್ಕೆ ಎಂದೂ ಹೋಗಲಿಲ್ಲ. ಸಂಧಾನವಾದರೆ ಆ ಮನೆಯಲ್ಲಿ ಮಾತೇ ಉಳಿಯುವುದಿಲ್ಲವೆಂಬುದನ್ನು ಅವಳು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದಳು.

*

“ನಿನಗೆ ಗೆಲ್ಲಬೇಕು, ಅಷ್ಟೇ ತಾನೇ?” ಎಂದಳು ಮಗಳು. “ಅಮ್ಮ ಇನ್ನು ಏಳಲ್ಲ ಅಂತ ಗೊತ್ತಾದ ಮೇಲೆ ಗೆದ್ದುಬಿಡೋಣ ಅಂತ.”

“ಗೆಲ್ಲೋಕೆ ಎದುರಿಗೆ ಯಾರಿದಾರೆ?”

ಅವನು ಅದನ್ನು ಸಿಟ್ಟಿನಲ್ಲಿಯೇ ಹೇಳಿದ. ಆದರೆ ಹೇಳಿ ಮುಗಿಸಿದವನ ಕಣ್ಣು ಪೆಟ್ಟಿಗೆಯ ಆಚೆ ಬದಿಯಲ್ಲೇ ನಿಂತುಬಿಟ್ಟಿತು. ಆ ಬದಿಯಲ್ಲಿ ಯಾರೂ ಇರಲಿಲ್ಲ.

ಮಗಳು ಬ್ಯಾಟರಿಯನ್ನು ಅವನ ಕೈಗಿತ್ತು ಒಳಗೆ ಹೋದಳು. ಅವಳು ಸೋತಳೆಂದೇ ಎಲ್ಲರೂ ತಿಳಿದರು. ವ್ಯಾನಿನವನು ಸಮಾಧಾನದ ಉಸಿರು ಬಿಟ್ಟ. ಮರಳಿ ಬಂದಾಗ ಅವಳ ಒಂದು ಕೈಯಲ್ಲಿ ಬೈರಿಗೆಯಿತ್ತು, ಇನ್ನೊಂದರಲ್ಲಿ ಅಮ್ಮನ ಸ್ಕ್ರೂಡ್ರೈವರು. ಪೆಟ್ಟಿಗೆಯನ್ನು ಸುತ್ತಿಹೋಗಿ ಅಪ್ಪನಿಗೆ ಎದುರಾಗಿ ನಿಂತಳು.

“ನಾನಿದೀನಿ,” ಎಂದಳು. “ಆ ಕಡೆ ನಿನ್ನದು. ಈ ಕಡೆ ನಮ್ಮದು.”

ಮುದುಕನ ಬಾಗಿದ ಬೆನ್ನು ನೆಟ್ಟಗಾಯಿತು. “ನೋಡೇಬಿಡೋಣ,” ಎಂದು ಬ್ಯಾಟರಿಯನ್ನು ಕೂರಿಸಿದ.

ಯಂತ್ರ ಅರಚಿತು. ಕಿಟಕಿಯ ಗಾಜು ನಡುಗಿತು. ಅವನ ಕೈ ಪಳಗಿದ ಕೈ. ಒಂದಾದ ಮೇಲೊಂದರಂತೆ ಮೊಳೆಗಳ ತಲೆ ಮರದೊಳಗೆ ಅಡಗಿ, ಅವನ ಬದಿ ಮುಗಿದಾಗ ಮಗಳು ಇನ್ನೂ ತನ್ನ ಮೊದಲ ತೂತನ್ನು ಕೊರೆಯುತ್ತಿದ್ದಳು. ಬೈರಿಗೆಯ ತುದಿಯಿಂದ ಮರದ ತೆಳ್ಳನೆಯ ಸುರುಳಿಗಳು ಎದ್ದು ಮುಚ್ಚಳದ ಮೇಲೆ ಉದುರುತ್ತಿದ್ದವು.

“ನೋಡ್ರಪ್ಪ, ಒಂದೂ ಸೊಟ್ಟಗಿಲ್ಲ,” ಎಂದು ಮುದುಕ ತನ್ನ ಮೊಳೆಗಳನ್ನು ಸವರುತ್ತ ಎಲ್ಲರಿಗೂ ಕೇಳುವಂತೆ ಹೇಳಿದ. “ಅಲ್ಲಿ ಇನ್ನೂ ಶುರುವೇ ಆಗಿಲ್ಲ.”

“ನಿನ್ನದು ಆಯ್ತಲ್ಲ, ಸುಮ್ಮನೆ ನಿಂತ್ಕೋ. ಕೊರೀಬೇಡ.”

ಪಕ್ಕದ ಮನೆಯಾಕೆಗೆ ನಗು ಬಂದುಬಿಟ್ಟಿತು. ಕೆಮ್ಮಿದಂತೆ ಮಾಡಿ ಬಾಗಿಲ ಕಡೆಗೆ ತಿರುಗಿದಳು.

“ಯಜಮಾನ್ರೇ, ಅಲ್ಲಿ ಗುಂಡಿ ತೋಡಿರೋರು ಕಾಯ್ತಿದಾರೆ,” ಎಂದ ವ್ಯಾನಿನವನು. “ಆ ಕಡೇದೂ ಮಷೀನಲ್ಲೇ ಹಾಕಿಬಿಟ್ರೆ ಚಿಟಿಕೆ ಹೊಡೆಯೋದ್ರಲ್ಲಿ ಮುಗಿದುಹೋಗುತ್ತೆ. ಇಲ್ಲಿ ಕೊಡಿ.”

ಮುದುಕ ಯಂತ್ರವನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ.

“ಅದು ಅವರ ಕಡೆ. ನಮ್ಮ ಮಷೀನು ಆ ಕಡೆ ಬರಲ್ಲ.”

“ನಾನಾದ್ರೂ ಒಂದು ಕೈ ಹಾಕ್ಲಾ ಭಾವ? ಮಗು ಒಬ್ಬಳೇ...” ಎಂದು ತಮ್ಮ ಮುಂದೆ ಬಂದ.

“ನೀನೂ ಮುಟ್ಟಬೇಡ. ಅವಳಿಗೆ ಬರುತ್ತೆ.”

ಮಗಳು ಬೈರಿಗೆಯನ್ನು ಬದಿಗಿಟ್ಟು, ಮೊಳೆಯನ್ನು ತೂತಿಗೆ ನಿಲ್ಲಿಸಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸಿದಳು. ಮರ ಕಿರ್ರೆಂದಿತು, ನಿಂತಿತು. ಅವಳು ಹಿಡಿತ ಬದಲಿಸಿದಳು. ಮರ ಮತ್ತೆ ಕಿರ್ರೆಂದಿತು. ಕೆಳಗೆ ಬೀದಿಯಲ್ಲಿ ವ್ಯಾನಿನಲ್ಲಿ ಕೂತಿದ್ದ ಯಾರೋ ಹಾರ್ನ್ ಒತ್ತಿದರು. ಮುದುಕ ಕಿಟಕಿಯತ್ತ ತಿರುಗಲಿಲ್ಲ. ಸದ್ದಡಗಿದ ಯಂತ್ರವನ್ನು ಒಂದು ಕೈಯಲ್ಲಿ ಎದೆಗೊತ್ತಿಕೊಂಡು, ಇನ್ನೊಂದನ್ನು ತಾಳಿ ಎನ್ನುವಂತೆ ಬೀದಿಯ ಕಡೆಗೆ ಅಡ್ಡ ಚಾಚಿ, ಕಿವಿಯನ್ನು ಪೆಟ್ಟಿಗೆಯ ಆಚೆ ಬದಿಗೆ ಬಾಗಿಸಿ ನಿಂತಿದ್ದ.