ಕುಣಿಗಲ್ ಕೆರೆಯ ಇಪ್ಪತ್ತು ಪ್ರತಿ

ಗುಬ್ಬಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಯೋಗನರಸಿಂಹ ಬರೆಯುತ್ತಿದ್ದ ಚಿತ್ರಗಳಲ್ಲಿ ಮರ ಮರದ ಹಾಗಿರುತ್ತಿರಲಿಲ್ಲ, ಬೆಟ್ಟ ಬೆಟ್ಟದ ಹಾಗಿರುತ್ತಿರಲಿಲ್ಲ. ನಾಲ್ಕು ಪಟ್ಟೆ, ಒಂದಿಷ್ಟು ಬಯಲು, ಅಲ್ಲಿಗೆ ಮುಗಿಯಿತು. ಊರವರು ಅವರ ಎದುರಿಗೆ ತಲೆದೂಗಿ, ಬೆನ್ನ ಹಿಂದೆ ಮುಸಿಮುಸಿ ನಗುತ್ತಿದ್ದರು. ಮೇಷ್ಟ್ರಿಗೆ ಅದರ ಪರಿವೆಯೇ ಇರಲಿಲ್ಲ. ಆ ನಗುವೆಲ್ಲ ಬಂದು ಚುಚ್ಚುತ್ತಿದ್ದದ್ದು ಹೆಂಡತಿ ಕೌಸಲ್ಯಳನ್ನು.

ಎಪ್ಪತ್ತೆಂಟನೇ ಇಸವಿಯಲ್ಲಿ ಅವರು ಕೌಸಲ್ಯಳ ತವರೂರಾದ ಕುಣಿಗಲ್ಲಿನ ಕೆರೆಯನ್ನು ಮರದ ಹಲಗೆಯಲ್ಲಿ ಕೆತ್ತಿದರು. ಹಲಗೆಗೆ ಕಪ್ಪು ಮಸಿ ಸವರಿ, ಮೇಲೆ ತೆಳು ಕಾಗದ ಹಾಸಿ, ಸೌಟಿನ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆಯಬೇಕು. ಮೇಷ್ಟ್ರು ಉಜ್ಜಿದರೆ ಕಾಗದ ಹರಿಯುತ್ತಿತ್ತು. ಕೌಸಲ್ಯಳದು ಒಬ್ಬಟ್ಟು ತಟ್ಟಿ ಪಳಗಿದ ಕೈ. ಇಪ್ಪತ್ತು ಪ್ರತಿಯನ್ನೂ ಅವಳೇ ತೆಗೆದಳು. ಒಂದೊಂದರ ಕೆಳಗೂ ಮೇಷ್ಟ್ರು ಪೆನ್ಸಿಲಿನಲ್ಲಿ, ಇಪ್ಪತ್ತರಲ್ಲಿ ಎಷ್ಟನೆಯದು ಎಂಬ ಲೆಕ್ಕಕ್ಕೆ, 1/20, 2/20 ಎಂದು ಬರೆದರು.

ಒಣಗಲು ಹಾಕಿದ್ದ ನಾಲ್ಕನೆಯದನ್ನು ನೋಡಿ ಪಕ್ಕದ ಮನೆಯ ಅಲಮೇಲಮ್ಮ ಮರುಗಿದರು. "ಅಯ್ಯೋ, ಇಪ್ಪತ್ತಕ್ಕೆ ನಾಲ್ಕೇ ಮಾರ್ಕ್ಸು ಕೊಟ್ಟಿದಾರಲ್ಲೇ! ಪಾಪ, ಇಷ್ಟು ಕಷ್ಟಪಟ್ಟು!"

ಕೌಸಲ್ಯ ಮೈಯೆಲ್ಲ ಉರಿದು ಒಳಗೆ ಹೋದಳು.

ತುಮಕೂರಿನಲ್ಲಿ ಪ್ರೆಸ್ಸು ಇಟ್ಟಿದ್ದ ಅವಳ ತಮ್ಮ ಸುಬ್ಬಕೃಷ್ಣ ಬಂದು ಆ ಉರಿಗೆ ಮದ್ದು ಹೇಳಿದ. "ಹಲಗೆ ನಂಗೆ ಕೊಡಿ ಭಾವ, ಕ್ಯಾಲೆಂಡರ್ ಮಾಡ್ಬಿಡ್ತೀನಿ. ಗೂಳೂರಿಂದ ಕುಣಿಗಲ್‌ವರೆಗೂ ಮನೆಮನೆ ಗೋಡೆ ಮೇಲೂ ನಿಮ್ಮ ಹೆಸರಿರುತ್ತೆ."

ಕೌಸಲ್ಯಳ ಮುಖ ಅರಳಿತು. ಆ ಅಲಮೇಲಮ್ಮ ಇವರ ಚಿತ್ರದ ಕೆಳಗೆ ನಿಂತು ಏಕಾದಶಿ ಹುಡುಕಬೇಕು!

ಮೇಷ್ಟ್ರು ತಲೆಯಾಡಿಸಿದರು. "ಇಪ್ಪತ್ತೇ ಅಂತ ಬರ್ದಾಗಿದೆ ಸುಬ್ಬು. ಇನ್ನು ಹಲಗೆಗೆ ಅಡ್ಡ ಗೀರು ಹಾಕ್ಬೇಕು. ಇಪ್ಪತ್ತೊಂದನೇದು ಹುಟ್ಬಾರ್ದು. ಈ ಕೆಲಸದ ಮರ್ಯಾದೆ ಅದು" ಎಂದು ಉಳಿ ತೆಗೆದುಕೊಂಡರು.

ಕೌಸಲ್ಯ ಅವರ ಕೈ ಹಿಡಿದಳು. "ಉಜ್ಜಿದ್ದು ನಾನು ರೀ. ನನ್ನನ್ನ ಒಂದು ಮಾತು ಕೇಳೋದು ಬೇಡ್ವಾ?"

ಮೇಷ್ಟ್ರು ಉಳಿ ಕೆಳಗಿಳಿಸಿದರು. "ನಿಜ. ನೀನು ಹೇಳ್ದಂಗಾಗ್ಲಿ" ಎಂದು ಉಳಿಯನ್ನು ಅವಳ ಕೈಗೆ ಕೊಟ್ಟು ಸ್ಕೂಲಿಗೆ ಹೊರಟರು. ಸುಬ್ಬು ಕೆಟ್ಟುಹೋಗಿದ್ದ ಒಂದು ಅಚ್ಚನ್ನು ಕ್ಯಾಲೆಂಡರಿನ ಮಾದರಿ ಮಾಡಿ ತೋರಿಸಲೆಂದು ಸುತ್ತಿಕೊಂಡು ಹೋದ.

ಭಾನುವಾರ ಅದನ್ನು ತಂದು ಬಿಚ್ಚಿದ. ಪಟ್ಟೆಗಳ ನಡುವಿನ ಬಿಳಿಯಲ್ಲಿ ಎರಡು ಕೊಕ್ಕರೆ, ಒಂದು ಕಮಲ, ಕಮಲದ ಮೇಲೆ ಸಾಕ್ಷಾತ್ ಲಕ್ಷ್ಮಿ.

"ಇದ್ಯಾಕೋ?"

"ಜನಕ್ಕೆ ಏನಾದ್ರೂ ಕಾಣ್ಬೇಕಲ್ಲಕ್ಕ. ಮಧ್ಯ ಖಾಲಿ ಬಿದ್ದಿತ್ತು, ತುಂಬಿಸ್ದೆ."

ಖಾಲಿಯಂತೆ! ಆ ಕಪ್ಪು ಪಟ್ಟೆ ಕೆರೆ ಏರಿ ಎಂದು ಕೌಸಲ್ಯಳಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಉಜ್ಜುತ್ತ ಉಜ್ಜುತ್ತ ಅವಳ ಕೈಗೇ ಗೊತ್ತಾಗಿತ್ತು. ಚಿಕ್ಕವಳಿದ್ದಾಗ ಅಪ್ಪನ ಬೆರಳು ಹಿಡಿದು ಬೆಳಗಿನ ಹೊತ್ತು ಏರಿಯ ಮೇಲೆ ನಿಂತರೆ, ಆಚೆ ದಡ ಕಾಣದೆ ಬರೀ ಬೆಳಕಾಗಿ ಹರಡಿಕೊಂಡಿರುತ್ತಿದ್ದದ್ದು ಈ ಬಿಳಿಯೇ. ಏನೂ ಬರೆಯದೆ ಅದನ್ನು ಬರೆದಿದ್ದರು ಅವಳ ಗಂಡ. ಇಡೀ ಜಿಲ್ಲೆಯಲ್ಲಿ ಇನ್ಯಾರಿಂದ ಆದೀತು?

"ಖಾಲಿ ಅಲ್ವೋ, ಅದು ನೀರು ಕಣೋ! ಅದೇ ಊರಲ್ಲಿ ಹುಟ್ಟಿ ಬೆಳ್ದು ನಿಂಗೂ ಕಾಣ್ಲಿಲ್ವಾ?"

ಸುಬ್ಬು ಪೆಚ್ಚಾದ. "ಲಕ್ಷ್ಮೀನ ತೆಗೀತೀನಿ ಬಿಡಕ್ಕ. ಒಂದು ಕೊಕ್ಕರೆನಾದ್ರೂ ಇರ್ಲಿ..."

ಅಷ್ಟರಲ್ಲಿ ಕೌಸಲ್ಯ ಹಲಗೆಯನ್ನು ನೆಲಕ್ಕಿಟ್ಟು, ಮಂಡಿಯಿಂದ ಅದುಮಿ ಹಿಡಿದು, ಮೂಲೆಯಿಂದ ಮೂಲೆಗೆ ಉಳಿ ಎಳೆದಾಗಿತ್ತು. ಗೀರು ಸೊಟ್ಟಗಾಯಿತು, ಆದರೆ ಆಳವಾಗಿಯೇ ಬಿತ್ತು.

ಗೀರು ಹಾಕಿದ್ದಕ್ಕೆ ಸಾಕ್ಷಿಯಾಗಿ ಕೊನೆಗೊಂದು ಅಚ್ಚು ತೆಗೆದಿಡುವುದು ಪದ್ಧತಿ. ಸಂಜೆ ಮೇಷ್ಟ್ರು ಮಸಿ ಸವರಿದರು, ಅವಳು ಉಜ್ಜಿದಳು. ನಂಬರಿಲ್ಲದ ಆ ಅಚ್ಚಿಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು.

ಮನೆಗೆ ಬಂದವರೆಲ್ಲ ಕೇಳುತ್ತಿದ್ದರು, ಇದೇನಮ್ಮ, ಚಿತ್ರದ ಮೇಲೆ ಇಷ್ಟುದ್ದ ಗೀರು ಎಂದು.

"ಚಿತ್ರ ನಮ್ಮನೆಯವ್ರುದು" ಎನ್ನುತ್ತಿದ್ದಳು ಕೌಸಲ್ಯ, ತಲೆಯೆತ್ತಿ. "ಗೀರು ನಂದು."